ಹೆಂಡತಿಯ ಕಾಲುವೆ

ಗಣಿಯಲ್ಲಿ ಎಲ್ಲರೂ ಅವನನ್ನು ‘ದೊಡ್ಡ ಕೈ’ ಎಂದೇ ಕರೆಯುತ್ತಿದ್ದರು. ಮಣ್ಣು ಅಗೆಯುವ ಮಷೀನಿನ ಉದ್ದನೆಯ ಕೈಯನ್ನು ಆಡಿಸುವವನು ಎಂಬುದು ಒಂದು ಕಾರಣ. ಏನೇ ಮಾಡಲಿ, ಅತಿ ಮಾಡುತ್ತಾನೆ ಎಂಬುದು ಇನ್ನೊಂದು. ಹೆಂಡತಿಗೆ ಸಹಾಯ ಮಾಡುತ್ತೇನೆಂದು ಹೊಸ ಬಾಣಲೆಯನ್ನು ಅದರ ಕಪ್ಪು ಲೇಪವೆಲ್ಲ ಎದ್ದುಹೋಗುವಂತೆ ತಿಕ್ಕಿ, ಹೇಗೆ ಹೊಳೆಯುತ್ತಿದೆ ನೋಡು ಎಂದು ತೋರಿಸಿದ ಪುಣ್ಯಾತ್ಮ ಅವನು.

ಅದೇ ಗಣಿಯಲ್ಲಿ ಮಳೆನೀರಿನ ಉಸ್ತುವಾರಿ ಅವನ ಹೆಂಡತಿಯದು. ಅಗೆದು ಗುಡ್ಡೆ ಹಾಕಿದ ಮಣ್ಣಿನ ಮೇಲೆ ಬಿದ್ದ ಮಳೆ ಕೆಂಪು ಕೆಸರಾಗಿ ಇಳಿಯುತ್ತದೆ. ಅದು ಕಾಲುವೆಯಲ್ಲಿ ಹರಿದು, ಹೊಂಡದಲ್ಲಿ ನಿಂತು, ಹೂಳು ತಳ ಸೇರಿದ ಮೇಲೆ ತಿಳಿನೀರು ಮಾತ್ರ ಕೆಳಗಿನ ಹಳ್ಳಕ್ಕೆ ಹೋಗಬೇಕು. ಕಳೆದ ವರ್ಷ ಹಾಗಾಗಲಿಲ್ಲ. ಹಳ್ಳದ ನೀರನ್ನೇ ಕುಡಿಯುವ ಹೆಂಗಸರು ಕೆಂಪು ನೀರಿನ ಬಿಂದಿಗೆಗಳನ್ನು ಹೊತ್ತು ತಂದು ಗೇಟಿನ ಮುಂದೆ ಕೂತರು. “ಇನ್ಮೇಲೆ ಹೀಗಾಗಲ್ಲ, ನನ್ನ ಮಾತು ನಂಬಿ” ಎಂದು ಅವಳೇ ಮುಂದೆ ನಿಂತು ಹೇಳಿದಳು. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಗುಂಪಿನ ನಡುವಿನಿಂದ ಒಬ್ಬ ಮುದುಕಿ ಬಿಂದಿಗೆ ಎತ್ತಿಕೊಂಡು ಎದ್ದರು. “ನನ್ನ ಸೊಸೆ ಹೇಳಿದ್ಮೇಲೆ ಮುಗೀತು, ನಡೀರೇ!” ಅವರು ದೊಡ್ಡ ಕೈಯ ತಾಯಿ.

ಅತ್ತೆಯ ಆ ಮಾತು ಉಳಿಯಬೇಕೆಂದು ಸೊಸೆ ಬೇಸಿಗೆಯೆಲ್ಲ ಕಾಲುವೆಯ ಕೆಲಸದಲ್ಲಿ ಬಿಸಿಲಲ್ಲಿ ಬೆಂದಳು. ಅದನ್ನು ನೋಡಿ ಅವನ ಕರುಳು ಚುರುಕ್ ಎಂದಿತು. ಅವಳು ಸಭೆಗೆಂದು ಪಟ್ಟಣಕ್ಕೆ ಹೋದ ದಿನ, ಬಂದ ಮೇಲೆ ನೋಡಿ ಖುಷಿಪಡಲಿ ಎಂದು ಮಷೀನು ತಂದು ಕಾಲುವೆಯನ್ನು ಬಳಿದು ಹಸನು ಮಾಡಿದ. ಅಲ್ಲಲ್ಲಿ ಅಡ್ಡವಾಗಿದ್ದ ಕಲ್ಲಿನ ಗುಪ್ಪೆಗಳನ್ನೂ ಕಿತ್ತು ತೆಗೆದ. ಗಣಿಯ ತಳದಲ್ಲಿ ದುಡಿಯುವವನ ಲೆಕ್ಕದಲ್ಲಿ ನೀರನ್ನು ಎಷ್ಟು ಬೇಗ ಓಡಿಸಿದರೆ ಅಷ್ಟು ಒಳ್ಳೆಯದು. ಆ ಕಲ್ಲುಗಳಿಂದ, ಅವಳು ಕೂತು ಟೀ ಕುಡಿಯಲೆಂದು, ಮರದ ಕೆಳಗೆ ಚೆಂದದ ಕಟ್ಟೆಯನ್ನೂ ಕಟ್ಟಿದ.

ಮರುದಿನ ಅವಳು ಬಂದಾಗ ಮೋಡ ಕವಿದಿತ್ತು. ಅವನು ಹೊಗಳಿಕೆಗೆ ಕಾದು ನಿಂತಿದ್ದ. ಅವಳು ಕಾಲುವೆ ನೋಡಿದಳು, ಕಟ್ಟೆ ನೋಡಿದಳು, ಆಮೇಲೆ ಅವನನ್ನು ನೋಡಿದಳು.

“ರೀ, ಈ ಕಲ್ಲೆಲ್ಲ ಎಲ್ಲಿದ್ವು?”

“ಕಾಲುವೇಲಿ ಬಿದ್ದಿದ್ವು. ನೀರಿಗೆ ಅಡ್ಡ.”

“ಬಿದ್ದಿರ್ಲಿಲ್ಲ, ನಾನೇ ಇಡ್ಸಿದ್ದು. ಅಡ್ಡ ಇರ್ಲಿ ಅಂತಾನೇ! ನೀರು ಒಂದೊಂದು ಕಲ್ಲಿನ ಸಾಲಿನ ಹತ್ರ ತಡೆದು, ಕೆಸರು ಬಿಟ್ಟು ಮುಂದೆ ಹೋಗ್ಬೇಕು. ಈಗ ಒಂದೇ ಓಟಕ್ಕೆ ಹೊಂಡ ತುಂಬ್ಸಿ ಹಳ್ಳಕ್ಕೆ ಬೀಳುತ್ತೆ.”

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮ ಬಿಂದಿಗೆ ಎತ್ತಿಕೊಂಡು ಎದ್ದದ್ದು ಕಣ್ಣ ಮುಂದೆ ಬಂತು.

“ಬೈದುಬಿಡು” ಎಂದ.

“ಈಗ ಬೈಯೋಕೆ ಪುರುಸೊತ್ತಿಲ್ಲ, ಆಮೇಲೆ ಬೈತೀನಿ. ಮಷೀನ್ ಹತ್ತಿ.”

ಕಟ್ಟೆ ಬಿಚ್ಚಿದರು. ಅವಳು ಕಾಲುವೆಯ ದಂಡೆಯಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಳು, ಅವನು ಒಂದೊಂದೇ ಕಲ್ಲನ್ನು ಮಲಗಿದ ಮಗುವನ್ನು ಇಳಿಸಿದಂತೆ ಇಳಿಸುತ್ತಿದ್ದ. ಸಾಲನ್ನು ಗೋಡೆಯಂತೆ ಒತ್ತಿ ಗಟ್ಟಿ ಮಾಡಲು ಹೋದಾಗ ಅವಳು ಕೂಗಿದಳು: “ಸಾಕು! ಸಂದು ಇರ್ಲಿ, ನೀರು ಸೋಸಿ ಹೋಗ್ಬೇಕು. ನಡುವೆ ಸ್ವಲ್ಪ ತಗ್ಗಿರ್ಲಿ.” ಹುಟ್ಟಿದಾಗಿನಿಂದ ಮೊದಲ ಸಲ ಅವನು ಒಂದು ಕೆಲಸವನ್ನು ಸಾಕೆಂದ ಕಡೆ ನಿಲ್ಲಿಸಿದ. ಮರದ ಕೆಳಗಿನ ಒಂದು ಚಪ್ಪಟೆ ಕಲ್ಲನ್ನು ಮಾತ್ರ ಅವಳು ಮುಟ್ಟಗೊಡಲಿಲ್ಲ. “ಅದು ನಂದು, ಅಲ್ಲೇ ಇರ್ಲಿ” ಎಂದಳು.

ಸಂಜೆ ಕೊನೆಯ ಸಾಲು ಮುಗಿಯುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಕೆಂಪು ನೀರು ನುಗ್ಗಿ ಬಂದು ಮೊದಲ ಸಾಲಿಗೆ ಬಡಿದು, ತಡವರಿಸಿ, ತಗ್ಗಿನಲ್ಲಿ ಇಳಿದು ಮುಂದೆ ಹೋಯಿತು. ಅದು ಸಾಲಿನಿಂದ ಸಾಲಿಗೆ ನಿಧಾನವಾಗುವುದನ್ನು ಇಬ್ಬರೂ ಒಂದೇ ರೇನ್‌ಕೋಟನ್ನು ತಲೆಯ ಮೇಲೆ ಹಿಡಿದು ನೋಡಿದರು. ಹಳ್ಳಕ್ಕೆ ಯಾವ ನೀರು ಹೋಯಿತೆಂದು ಕತ್ತಲಲ್ಲಿ ಕಾಣಲಿಲ್ಲ.

ಬೆಳಿಗ್ಗೆ ಅದೇ ಚಪ್ಪಟೆ ಕಲ್ಲಿನ ಮೇಲೆ ಇಬ್ಬರೂ ಒತ್ತಿಕೊಂಡು ಕೂತರು. ಅವಳು ಫೋನಿನ ಸ್ಪೀಕರ್ ಹಾಕಿದಳು.

“ಅತ್ತೆ, ನೀರು ಹೇಗಿದೆ?”

“ಈಗಷ್ಟೇ ತುಂಬ್ಕೊಂಡು ಬಂದೆ ಕಣಮ್ಮ. ನಿನ್ನ ಗಂಡ ಚಿಕ್ಕೋನಿದ್ದಾಗ ನಾನೇ ತೊಳೀತೀನಿ ಅಂತ ಬಿಂದಿಗೇನ ಬಂಡೆಗೆ ಹಾಕಿ ತಿಕ್ಕಿ ತಿಕ್ಕಿ ತಳ ನೆಗ್ಗಿಸಿದ್ನಲ್ಲ? ತುಂಬಿದ ನೀರಲ್ಲೂ ಆ ನೆಗ್ಗು ಕಾಣ್ತಿದೆ ನೋಡು.”

ಅವನು ತಲೆ ತಗ್ಗಿಸಿ ಕೂತ. “ಈಗಾದ್ರೂ ಬೈ” ಎಂದ.

ಬೈಯಲೆಂದು ಬಾಯಿ ತೆರೆದವಳು, ಅವನ ಒರಟು ಕೈಯನ್ನು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.