ಅನ್ನೂರಿಗೆ ಹೋಗಿ ಬರುವವರೆಗೆ

ಉತ್ತರ ಬರಲಿಲ್ಲ. ಸುಮಧ್ವ ಇನ್ನೊಮ್ಮೆ ಎಂಟರ್ ಒತ್ತಿದ. ಪರದೆ ಅಲುಗಲಿಲ್ಲ. ತಾರಸಿಗೆ ಹೋಗುವ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವನು ಕುಳಿತಿದ್ದ. ಕೆಳಗೆ ಹಾಲಿನಲ್ಲಿ, ಫ್ರೀಜರ್ ಬಾಕ್ಸಿನ ಗಾಜಿನಡಿಯಲ್ಲಿ, ಅವನ ಅಪ್ಪ ಸುಶೀಂದ್ರ ಮಲಗಿದ್ದರು. ಹಿಂದಿನ ಸಂಜೆ ಎದೆ ಹಿಡಿದುಕೊಂಡು ಕುಸಿದವರು ಆಸ್ಪತ್ರೆ ಮುಟ್ಟಿರಲಿಲ್ಲ.

"ಸುಮಧ್ವಾ! ಆಚಾರ್ರು ಬಂದಾಯ್ತು. ಸ್ನಾನಕ್ಕೆ ಬಾರೋ!" ದೊಡ್ಡಪ್ಪ ನಾಗರಾಜ ಕೂಗಿದರು.

"ಒಂದ್ ನಿಮಿಷ ದೊಡ್ಡಪ್ಪಾ."

ಗಾಜಿನ ಪಕ್ಕ ಕುಳಿತಿದ್ದ ಅವನ ಅಮ್ಮ ಗೋಪಿಕಾ ತಲೆ ಎತ್ತಿದರು. ಈ ಮನೆಯಲ್ಲಿ ಆ ಮಾತಿಗೆ ಒಂದು ನಿಮಿಷ ಎಂಬ ಅರ್ಥ ಎಂದೂ ಇರಲಿಲ್ಲ. ಬೆಳಿಗ್ಗೆಯೇ ಅವರು ಎಲ್ಲರೆದುರು ಹೇಳಿದ್ದರು: ಇವತ್ತೊಂದು ದಿನ ಯಾರೂ ನಡುವೆ ಎದ್ದು ಹೋಗಬಾರದು. ಅವರು ಎದ್ದು ಮೆಟ್ಟಿಲು ಹತ್ತಿದರು.

"ಏನ್ ಮಾಡ್ದೆ?"

"ಅನ್ನೂರು ಮಿಲ್ಲಿನ ಕಂಪ್ಯೂಟರ್ ನೆಟ್‌ವರ್ಕ್. ಅಪ್ಪ ಅರ್ಧ ಬಿಟ್ಟಿದ್ದ ಕೆಲಸ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆಫೀಸಿಂದ ಗೋಡೌನಿಗೆ ಎರಡು ಕೇಬಲ್ ಇದೆ. ಎರಡನ್ನೂ ಸೇರಿಸಿ ಒಂದೇ ಲೈನ್ ಮಾಡೋದು. ಒಂದು ಕಟ್ಟಾದ್ರೂ ಇನ್ನೊಂದ್ರಲ್ಲಿ ಓಡತ್ತೆ. ಗೋಡೌನ್ ಸ್ವಿಚ್ಚಲ್ಲಿ, ಆ ನೆಟ್‌ವರ್ಕ್ ಡಬ್ಬೀಲಿ, ಸೇರಿಸ್ದೆ. ಹಳೇ ಸೆಟ್ಟಿಂಗ್ ಹೊಸ ಲೈನಿಗೆ ಹಾಕೋಕೆ ಮರ್ತೆ. ನಾನು ಇಲ್ಲಿಂದ ಒಳಗೆ ಹೋಗಿದ್ದೂ ಅದೇ ಲೈನಲ್ಲಿ. ಈಗ ಅದೇ ಕಟ್."

"ಆಫ್ ಮಾಡಿ ಆನ್ ಮಾಡೋಕೆ ಹೇಳು. ಹಳೇದು ಬರತ್ತಲ್ಲ. ಇವರು ಫೋನಲ್ಲಿ ದಿನಾ ಅದೇ ತಾನೇ ಹೇಳ್ತಿದ್ದದ್ದು?"

"ಸೇವ್ ಮಾಡದೇ ಇದ್ರೆ ಬರತ್ತೆ."

"ಮಾಡಿಬಿಟ್ಯಾ? ನೋಡದೇನೇ?"

"ಒಂದೊಂದೇ ಸಾಲು ಹಾಕೋ ಅಷ್ಟು ಹೊತ್ತು ಕೂರೋಕಾಗ್ಲಿಲ್ಲ ಅಮ್ಮಾ. ಎಲ್ಲಾ ಒಟ್ಟಿಗೆ ಪೇಸ್ಟ್ ಮಾಡಿ ಕಳಿಸ್ದೆ. ಕಡೇ ಸಾಲು ಸೇವ್."

"ಇವತ್ತೇ ಆಗ್ಬೇಕಿತ್ತಾ?"

"ಕೆಳಗೆ ಎಲ್ರೂ ಬಂದು ಬಂದು ನನ್ ಮುಖ ನೋಡ್ತಾರೆ. ಏನಾದ್ರೂ ಮಾಡ್ಬೇಕು ಅನ್ನಿಸ್ತು."

ಯಾರಾದರೂ ಅಲ್ಲಿಗೇ ಹೋಗಿ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಸಿಕ್ಕಿಸಬೇಕು. ಹೋಗಬಲ್ಲವರು ಇಬ್ಬರೇ. ಒಬ್ಬರು ಗಾಜಿನಡಿಯಲ್ಲಿದ್ದರು.

ಗೇಟಿನ ಬಳಿ ಶಾಮಿಯಾನದಡಿಯಲ್ಲಿ ಮಿಲ್ಲಿನ ಮ್ಯಾನೇಜರ್ ತಿರುಮಲೈಸಾಮಿ ಆಗಲೇ ಫೋನಿನಲ್ಲಿ ಸಿಕ್ಕಿಕೊಂಡಿದ್ದರು. ಬೆಳಗಾಗುವ ಮೊದಲೇ ಹಾರ ಹಿಡಿದು ಬಂದವರು. ಗೋಡೌನಿನಲ್ಲಿ ಬಿಲ್ಲು ಬರುತ್ತಿಲ್ಲ. ತಿರುಪ್ಪೂರಿಗೆ ಹೊರಡಬೇಕಾದ ನೂಲಿನ ಲಾರಿಗಳು ಸಾಲಾಗಿ ನಿಂತಿವೆ. ಸುಮಧ್ವ ಇಳಿದು ಬಂದು ತಪ್ಪು ತನ್ನದೆಂದು ಹೇಳಿದ. ಅವರು ಅವನ ಭುಜ ಹಿಡಿದರು.

"ಒಣ್ಣುಂ ಅವಸರಂ ಇಲ್ಲೀಂಗ ತಂಬಿ. ಲಾರಿ ನಿಕ್ಕಟ್ಟುಂ. ಅಪ್ಪಾವ ಪಾರುಂಗ."

ಅವಸರವಿಲ್ಲ, ಲಾರಿ ನಿಲ್ಲಲಿ, ಅಪ್ಪನನ್ನು ನೋಡಿ ಎಂದು ತಮಿಳಿನಲ್ಲಿ ಹೇಳಿದವರು ಗೇಟಿನಾಚೆ ಹೋಗಿ ಯಾರನ್ನೋ ಗಟ್ಟಿಯಾಗಿ ಬಯ್ಯತೊಡಗಿದರು.

ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗುಸುಗುಸು ಎದ್ದಿತು.

"ಸುಶೀಂದ್ರನ ಮನೆ ವಿಶೇಷ ಅಂದ್ರೆ ಎಲ್ಲಾದ್ರೂ ಲೈನ್ ಹೋಗ್ಲೇಬೇಕಲ್ಲಾ."

"ಮೊದಲನೇ ಪಂಕ್ತೀಲಿ ಎಲೆ ಹಾಕಿದ್ರೆ ಅವನು ಬರ್ತಿದ್ದದ್ದು ಮೂರನೇ ಪಂಕ್ತಿಗೆ."

"ಪಾವಂ," ಪಕ್ಕದ ಮನೆಯ ಸೆಲ್ಲಮ್ಮ ಮೂಗು ಒರೆಸಿಕೊಂಡರು. "ಇನ್ನಿಕ್ಕಾವದು ಅವರ ವಿಡಕ್ಕೂಡಾದಾ?" ಇವತ್ತಾದರೂ ಅವರನ್ನು ಬಿಡಬಾರದೇ ಎಂಬುದು ಅವರ ಸಂಕಟ.

ಅನ್ನೂರಿನ ಮಿಲ್ಲುಗಳು, ತಿರುಪ್ಪೂರಿನ ಬನಿಯನ್ ಕಂಪನಿಗಳು — ಎಲ್ಲಿಗೆಲ್ಲ ಸುಶೀಂದ್ರ ಹೋಗುತ್ತಿದ್ದರೆಂದು ಊರಿಗೆ ಗೊತ್ತಿತ್ತು. ಹೋಗಿ ಏನು ಮಾಡುತ್ತಿದ್ದರೆಂದು ಗೊತ್ತಿರಲಿಲ್ಲ. ಅವರು ಸರಿಯಾಗಿ ಕೆಲಸ ಮಾಡಿದ ದಿನ ಎಲ್ಲಿಯೂ ಏನೂ ಆಗುತ್ತಿರಲಿಲ್ಲ, ಆದ್ದರಿಂದ ಯಾರೂ ಅವರನ್ನು ನೆನೆಯುತ್ತಲೂ ಇರಲಿಲ್ಲ.

ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲಿ ಸುಮಧ್ವ ಆಚಾರ್ಯರ ಮುಂದೆ ಕುಳಿತ.

"ಗೋತ್ರ ಹೇಳಪ್ಪಾ."

ಗೇಟಿನಾಚೆ ಫೋನು ರಿಂಗಾಯಿತು. ಸುಮಧ್ವನ ಕುತ್ತಿಗೆ ಅತ್ತ ತಿರುಗಿತು.

"ಗೋತ್ರ, ಗೋತ್ರ!"

ಅವನು ಅರ್ಧ ಎದ್ದು ಮತ್ತೆ ಕುಳಿತ. ಗೋಪಿಕಾಗೆ ಹಾಗೆ ಏಳುವುದು ಗೊತ್ತಿತ್ತು.

*

ಸುಮಧ್ವನ ಮುಂಜಿಯ ದಿನವೂ ಫೋನು ಬಂದಿತ್ತು. ತಿರುಪ್ಪೂರಿನ ಯಾವುದೋ ಕಂಪನಿ. ಸುಶೀಂದ್ರ ಅರ್ಧ ಎದ್ದಿದ್ದರು. ನಾಗರಾಜ ಅವರ ಹೆಗಲು ಒತ್ತಿ ಕೂರಿಸಿದ್ದರು: "ಎದ್ದರೆ ಕಾಲು ಮುರೀತೀನಿ." ಸುಶೀಂದ್ರ ಕುಳಿತರು. ಮಂತ್ರ ಹೇಳಿಕೊಡಲು ಮೇಲೆ ಹೊದಿಸಿದ ಬಟ್ಟೆಯೊಳಗೆ ಮೂವರೂ ಇದ್ದರು. ಬೆವರು, ಅರಿಶಿನದ ವಾಸನೆ, ಕತ್ತಲು. ಸುಶೀಂದ್ರರ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಗೋಪಿಕಾರ ತೊಡೆಗೆ ತಾಗಿ ಗುರ್ರೆನ್ನುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಗುರ್ರೆನ್ನುತ್ತಿತ್ತು. ಸುಶೀಂದ್ರ ಮಗನ ಕಿವಿಗೆ ಬಾಯಿಟ್ಟು ಅಕ್ಷರ ತಪ್ಪದೆ ಹೇಳಿಕೊಟ್ಟರು.

ಆದರೆ ಅವರು ಅಲ್ಲಿರಲಿಲ್ಲ. ಎದ್ದು ಹೋದ ದಿನಗಳಲ್ಲಿ ಗೋಪಿಕಾಗೆ ಸಿಟ್ಟು ಮಾತ್ರ ಬರುತ್ತಿತ್ತು. ಎದ್ದು ಹೋಗದ ಆ ದಿನ ಗೋಪಿಕಾ ಹೆದರಿದ್ದರು.

*

"ಏಳು," ಎಂದರು ಗೋಪಿಕಾ. "ಹೋಗ್ಬಾ."

ಆಚಾರ್ಯರು ದರ್ಭೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಗೋಪಿಕಾ! ಬುದ್ಧಿ ಇದೆಯಾ ನಿನಗೆ?" ನಾಗರಾಜರ ದನಿ ಸೀಳಿತು. "ಹೆಣ ನಡುಮನೇಲಿ ಇಟ್ಕೊಂಡು ಮಗನ್ನ ಮಿಲ್ಲಿಗೆ ಕಳಿಸ್ತೀಯಾ? ಮಯಾನದಲ್ಲಿ ಸುಡೋಕೆ ಟೈಮ್ ಕೊಟ್ಟಾಗಿದೆ!"

"ಬೇರೆ ಟೈಮ್ ಕೇಳಿ ಭಾವಾ. ಕತ್ತಲಾಗೋಕೆ ಮುಂಚೆ ಬಂದ್ಬಿಡ್ತಾನೆ."

"ಜನ ಏನನ್ನಲ್ಲ?"

"ಎಷ್ಟು ಎಲೆ ಮುಂದೆ ನಾನು ಇವರಿಗೋಸ್ಕರ ಕಾದಿದೀನಿ. ಇವತ್ತೊಂದಿನ ಇವರು ಕಾಯ್ಲಿ."

ಕುರ್ಚಿಗಳ ಕಡೆ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು.

"ಅಮ್ಮಾ, ಯಾರೂ ಏಳಬಾರ್ದು ಅಂತ ನೀನೇ ಅಂದಿದ್ದು," ಎಂದ ಸುಮಧ್ವ.

"ಅಂದಿದ್ದೆ. ಮೈ ಇಲ್ಲಿ, ಕಿವಿ ಅಲ್ಲಿ ಅಂದ್ರೆ ನನಗೆ ಬೇಡ. ಪೂರ್ತಿ ಹೋಗು. ಪೂರ್ತಿ ಬಾ."

"ಬಂದ್ಮೇಲೆ ಮತ್ತೆ ಸ್ನಾನ, ಮತ್ತೆ ಮೊದಲಿಂದ," ಎಂದಷ್ಟೇ ಹೇಳಿ ಆಚಾರ್ಯರು ದರ್ಭೆ ಕೆಳಗಿಟ್ಟರು. ತಿರುಮಲೈಸಾಮಿಯ ಕಾರು ಆಗಲೇ ಸ್ಟಾರ್ಟ್ ಆಗಿತ್ತು.

ಮಧ್ಯಾಹ್ನ ಉದ್ದವಾಗುತ್ತ ಹೋಯಿತು. ಕೆಲವರು ಬಸ್ಸಿನ ನೆಪ ಹೇಳಿ ಸಿಂಗಾನಲ್ಲೂರು ಸ್ಟ್ಯಾಂಡಿನ ಕಡೆ ಜಾರಿದರು. ನಾಗರಾಜ ಗೇಟಿಗೂ ಹಿತ್ತಿಲಿಗೂ ಓಡಾಡುತ್ತಿದ್ದರು. ಗೋಪಿಕಾ ಗಾಜಿನ ಪಕ್ಕದಿಂದ ಅಲುಗಲಿಲ್ಲ. ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಬರದಿದ್ದರೆ? ಅಲ್ಲಿಂದ ಇನ್ನೊಂದು ಮಿಲ್ಲಿನವರು ಕರೆದರೆ? ಹೋಗು ಎಂದವಳು ತಾನೇ. ಪೆಟ್ಟಿಗೆಯ ಮೋಟಾರು ಗುಂಯ್‌ಗುಡುತ್ತಿತ್ತು. ಅವರು ಗಾಜಿನ ಮೇಲೆ ಕೂಡಿದ ತೇವವನ್ನು ಸೆರಗಿನಿಂದ ಒರೆಸಿದರು. ಇಷ್ಟು ವರ್ಷಗಳಲ್ಲಿ ಗಂಡಹೆಂಡಿರಿಬ್ಬರೂ ಪಕ್ಕಪಕ್ಕ ಇದ್ದು ಇನ್ನೊಬ್ಬರಿಗಾಗಿ ಕಾಯುತ್ತಿದ್ದದ್ದು ಇದೇ ಮೊದಲು.

ಬಿಸಿಲು ಕಾಂಪೌಂಡಿನ ಗೋಡೆ ಹತ್ತಿದ ಹೊತ್ತಿಗೆ ಕಾರು ಬಂತು.

"ಆಯ್ತಾ?"

"ಆಯ್ತು. ಈ ಸಲ ನೋಡ್ಬಿಟ್ಟು ಸೇವ್ ಮಾಡ್ದೆ."

ಅವನ ತಲೆ, ಹುಬ್ಬು, ರೆಪ್ಪೆ ಎಲ್ಲಕ್ಕೂ ಮಿಲ್ಲಿನ ಹತ್ತಿ ಅಂಟಿತ್ತು. ಬೆಳಿಗ್ಗೆ ಹೋದ ಹುಡುಗ ನರೆತು ಬಂದ ಹಾಗಿತ್ತು. ನಾಗರಾಜ ಅವನನ್ನು ಹಿತ್ತಿಲಿಗೆ ಕರೆದೊಯ್ದು ತಲೆಯ ಮೇಲೆ ಬಿಂದಿಗೆ ಬಗ್ಗಿಸಿದರು. ಮುಂದಿನ ಅಂಗಳದಲ್ಲಿ ಯಾರದೋ ಫೋನು ಕೂಗಿತು. ಒಂದೆರಡು ತಲೆಗಳು ತಿರುಗಿದವು. ಸುಮಧ್ವ ಕಣ್ಣು ಮುಚ್ಚಿ ಮುಖವನ್ನು ನೀರಿಗೆ ಒಡ್ಡಿಕೊಂಡೇ ನಿಂತಿದ್ದ. ಹತ್ತಿ ಅವನ ಮೈಯಿಂದ ಎಳೆಎಳೆಯಾಗಿ ಇಳಿದು ಬಚ್ಚಲಿನ ಜಾಲರಿಗೆ ಕಟ್ಟಿಕೊಂಡಿತು. ನೀರು ಹೋಗಲಾರದೆ ಅವನ ಹಿಮ್ಮಡಿ ಮುಳುಗುವಷ್ಟು ನಿಂತಿತು. ಗೋಪಿಕಾ ಸೀರೆ ಎತ್ತಿ ಕಟ್ಟಿ, ಬಗ್ಗಿ, ಆ ಬಿಳಿ ಮುದ್ದೆಯನ್ನು ಬೆರಳಿನಿಂದ ಕಿತ್ತು ತೆಗೆದರು. ಹಿಂಡಿ, ಎಲ್ಲಿ ಎಸೆಯುವುದೆಂದು ತಿಳಿಯದೆ, ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತರು.