ತಿಪ್ಪವ್ವ ಹಿಂದಕ್ಕೆ ತಂದ ಗಂಟು

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಹಾಸಿಗೆ ಹೊದಿಕೆ ಒಗೆಯುತ್ತಾರೆ. ಟ್ರಂಕು ತೆರೆಯುತ್ತಾರೆ. ಬೇಕಾದದ್ದು ಬಿಸಿಲಿಗೆ, ಬೇಡವಾದದ್ದು ಗಂಟಿಗೆ. ಆ ಗಂಟನ್ನು ತಿಪ್ಪೆಗೆ ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ. "ಆಶ್ರಮಕ್ಕ ಕೊಟ್ರಾತು, ಪುಣ್ಯೇನರ ಬರ್ತೈತಿ" ಎನ್ನುತ್ತಾರೆ. ಕಸವೂ ಹೋಗಬೇಕು, ಪುಣ್ಯವೂ ಬರಬೇಕು. ದೇವರ ಜೊತೆ ಇಂಥ ವ್ಯಾಪಾರ ಮಾಡುವ ಧೈರ್ಯ ನಮಗೆ ಎಲ್ಲಿಂದ ಬಂತೋ, ಶಿವನೇ ಬಲ್ಲ.

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಗುರಲಿಂಗಪ್ಪನವರ ಮನೆಯಲ್ಲೂ ಹೀಗೆಯೇ ಆಯಿತು. ಅವರ ಹೆಂಡತಿ ನೀಲಾಬಾಯಿ ದೊಡ್ಡದೊಂದು ಗಂಟು ಕಟ್ಟಿ, ಊರ ಹೊರಗಿನ ಹೆಣ್ಣುಮಕ್ಕಳ ಆಶ್ರಮಕ್ಕೆ ಕಳಿಸಿದರು. ದೂರದ ಹಳ್ಳಿಗಳ ಕೂಲಿಕಾರರ ಹದಿನೆಂಟು ಹುಡುಗಿಯರು ಅಲ್ಲಿದ್ದು ಊರ ಶಾಲೆಗೆ ಹೋಗುತ್ತಾರೆ. ಕಳಿಸಿದ ಮೇಲೆ ನೀಲಾಬಾಯಿ ಕೈತೊಳೆದು ದೇವರಿಗೆ ದೀಪ ಹಚ್ಚಿದರು. ಮನಸ್ಸು ಹಗುರವಾಗಿತ್ತು.

ತಿಂಗಳ ಮೇಲಾಯಿತು. ಒಂದು ಶುಕ್ರವಾರ ಬೆಳಿಗ್ಗೆ ಆಶ್ರಮದಲ್ಲಿ ಅಡುಗೆ ಮಾಡುವ ತಿಪ್ಪವ್ವ ಅದೇ ಗಂಟನ್ನು ತಲೆಯ ಮೇಲೆ ಹೊತ್ತು ಬಂದು ಅವರ ಕಟ್ಟೆಯ ಮೇಲೆ ಇಳಿಸಿದಳು.

"ಏನ ತಂದಿ ಬೇ ತಿಪ್ಪವ್ವಾ?" ನೀಲಾಬಾಯಿ ಕೇಳಿದರು.

"ನಿಮ್ದ ಐತ್ರಿ ಅವ್ವಾರ. ನಿಮಗ ಒಪ್ಪಸಾಕ ಬಂದೇನಿ."

ಚಹಾ ಕುಡಿಯುತ್ತಿದ್ದ ಗುರಲಿಂಗಪ್ಪನವರು ಹುಬ್ಬು ಗಂಟಿಕ್ಕಿದರು. "ಕೊಟ್ಟಿದ್ದ ಯಾರರ ತಿರುಗಿ ತರ್ತಾರೇನ? ನಿಮಗ ಬ್ಯಾಡಾದ್ರ ಬ್ಯಾರೆ ಬಡವರಿಗೆ ಕೊಡಬೇಕು."

"ಅವರೂ ಮನಷ್ಯಾರ ಅದಾರಲ್ರಿ ಸಾವಕಾರ್ರ."

ತಿಪ್ಪವ್ವ ಗಂಟು ಬಿಚ್ಚಿದಳು. ಜಿಪ್ಪು ಕಿತ್ತುಹೋದ ಪ್ಯಾಂಟು ತೆಗೆದು ಇಟ್ಟಳು. ಒಂಟಿ ಕಾಲುಚೀಲ. ಮೊಣಕೈಯಲ್ಲಿ ತೂತು ಬಿದ್ದ ಸ್ವೆಟರು. ಒಂದೂ ಗುಂಡಿ ಇಲ್ಲದ ಅಂಗಿ. ಎಣ್ಣೆಜಿಡ್ಡು ಹಿಡಿದ ಟವೆಲು. ಓಣಿಯ ಇಬ್ಬರು ಹೆಂಗಸರು ನಿಂತು ನೋಡತೊಡಗಿದರು.

"ಇದನ್ನೆಲ್ಲಾ ಯಾಕ ಹರವ್ತಿ?" ಗುರಲಿಂಗಪ್ಪನವರ ದನಿ ಏರಿತು. "ದಾನದ ಆಕಳದ ಹಲ್ಲ ಎಣಿಸ್ತಾರೇನ?"

"ಆಕಳಾ ಕೊಟ್ಟಿದ್ರ ಎಣಸ್ತಿದ್ದಿಲ್ರಿ ಯಪ್ಪಾ. ನೀವು ಬರೇ ಬಾಲ ಕೊಟ್ಟೀರಿ."

ನೀಲಾಬಾಯಿಗೆ ನಗು ತಡೆಯಲಾಗಲಿಲ್ಲ. ಗಂಡನ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಆದರೆ ತಿಪ್ಪವ್ವ ನಗಲಿಲ್ಲ.

"ನಗೂ ಮಾತಲ್ರಿ ಅವ್ವಾರ. ನಮ್ಮಲ್ಲಿ ಮೇಘಾ ಅಂತ ಒಂದ ಕೂಸ ಐತಿ, ಆರನೇತ್ತಾ ಕಲಿತೈತಿ. ಮಮದಾಪುರದ್ದು, ಲೆಕ್ಕದಾಗ ಭಾಳ ಶ್ಯಾಣೆ. ಮಕ್ಕಳ ದಿನಕ್ಕ ಬಣ್ಣದ ಡ್ರೆಸ್ ಹಾಕ್ಕೊಂಡ ಬರ್ರಿ ಅಂತ ಸಾಲ್ಯಾಗ ಹೇಳಿದ್ರು. ಈ ಗಂಟಿನ್ಯಾಗ ಒಂದ ಗುಲಾಬಿ ಫ್ರಾಕ್ ಇತ್ತು. ಬೆನ್ನ ಮ್ಯಾಲ ಇಸ್ತ್ರಿ ಸುಟ್ಟ ಕಲಿ. ನಾ ಅದರ ಮ್ಯಾಲ ಹೂವಿನ ತುಂಡ ಹಚ್ಚಿ ಹೊಲದೆ. ಕೂಸ ಹತ್ತ ಸಲ ಕನ್ನಡಿ ನೋಡಕೊಂಡ ಹೋತು. ಸಾಲ್ಯಾಗ ಅದರ ಕ್ಲಾಸಿನ ಒಂದ ಹುಡುಗಿ ಎಲ್ಲಾರ ಮುಂದ, 'ಅದು ನಂದು, ಸುಟ್ಟೈತಂತ ಹೊರಗ ಒಗದಿದ್ವಿ' ಅಂದ್ಲಂತ. ಅವತ್ತಿಂದ ಮೇಘಾ ಸಾಲಿ ಕಡೆ ಮಾರಿ ಹಾಕಿಲ್ಲ. ಅವರವ್ವಗ ಫೋನ್ ಹಚ್ಚಿ, ಕರಕೊಂಡ ಹೋಗು ಅಂದೈತಿ. ನಾಡದ ಐತವಾರ ಅಕಿ ಬರ್ತಾಳ. ಒಮ್ಮೆ ಹೋತಂದ್ರ ಆ ಕೂಸ ತಿರುಗಿ ಬರಾಂಗಿಲ್ರಿ. ಕುರಿ ಬೆನ್ನ ಹತ್ತತೈತಿ, ಅಷ್ಟ."

"ಯಾರ ಹುಡುಗಿ ಅದು, ಅಷ್ಟೂ ಬುದ್ಧಿ ಇಲ್ಲದ್ದು?" ಗುರಲಿಂಗಪ್ಪನವರು ಸಿಟ್ಟಾದರು. "ಹಡದವರು ಏನ ಕಲಿಸ್ಯಾರ?"

ತಿಪ್ಪವ್ವ ನೆಲ ನೋಡಿದಳು. "ಹೆಸರ ಹೇಳಾಕ ನಾ ಬಂದಿಲ್ರಿ."

"ನಾನ ಅಂದೆ ಅಪ್ಪಾ."

ಬಾಗಿಲಲ್ಲಿ ಅವರ ಮಗಳು ಕಾವ್ಯಾ ಪಾಟಿಚೀಲ ಹಿಡಿದು ನಿಂತಿದ್ದಳು. "ಗಂಟ ಕಟ್ಟುವಾಗ ಅವ್ವ ಹಂಗ ಅಂದಿದ್ಲು. ಸುಟ್ಟೈತಿ, ಯಾರ ಹಾಕ್ಕೊಂತಾರ, ಆಶ್ರಮಕ್ಕ ಒಗದ ಬಿಡು ಅಂತ. ನಾ ಅದನ್ನ ಅಂದೆ."

ಓಣಿಯ ಹೆಂಗಸರು ಮೆಲ್ಲನೆ ಸರಿದರು.

ಗುರಲಿಂಗಪ್ಪನವರು ಗಂಟಲು ಸರಿಮಾಡಿಕೊಂಡರು. "ಆದದ್ದಾತು. ನಾಳೆ ವಿಜಯಪುರಕ್ಕ ಹೊಂಟೇನಿ. ಸ್ಟೇಷನ್ ರಸ್ತ್ಯಾಗ ಚಲೋ ಅಂಗಡಿ ಅದಾವ, ಹೊಸಾ ಡ್ರೆಸ್ ತರ್ತೀನಿ. ಕಾವ್ಯಾನ ಕೈಲೆ ಕೊಡಸಿ, ಒಂದ ಫೋಟೋ..."

ತಿಪ್ಪವ್ವ ಎದ್ದು ನಿಂತಳು. ಈ ಮುದುಕಿಯ ಕಣ್ಣಲ್ಲಿ ಇಷ್ಟು ಬೆಂಕಿ ಇದೆಯೆಂದು ಆ ಮನೆಯವರಿಗೆ ಗೊತ್ತಿರಲಿಲ್ಲ.

"ಫೋಟೋ ಸಾಕ ಮಾಡ್ರಿ ಸಾವಕಾರ್ರ. ಹೋದ ವರ್ಷ ನಿಮ್ಮ ಈ ಕೂಸಿನ ಹುಟ್ಟಿದ ಹಬ್ಬಕ್ಕ ಕೇಕ್ ತಂದಿದ್ರಿ. ಫೋಟೋ ಮುಗಿಯೂತನ ಹದಿನೆಂಟ ಹುಡುಗ್ಯಾರು ತುಂಡ ಕೈಯಾಗ ಹಿಡಕೊಂಡ ನಿಂತಿದ್ವು, ಬಾಯಿಗಿ ಹಾಕಿರಲಿಲ್ಲ. ಅದರಾಗ ಒಬ್ಬಾಕೀ ಹೆಸರರ ಕೇಳೀರೇನ?" ಆಮೇಲೆ ನೀಲಾಬಾಯಿಯ ಕಡೆ ತಿರುಗಿದಳು. "ಅವ್ವಾರ, ದೇವರಿಗಿ ಎಡಿ ಹಿಡಿಯೂದು ಊಟಕ್ಕ ಮೊದಲೋ, ಉಂಡ ಮ್ಯಾಲೋ?"

"ಮೊದಲ."

"ಮತ್ತ ಮದುವಿ ಮನ್ಯಾಗ ಎಲ್ಲಾರೂ ಉಂಡ ಮ್ಯಾಲ, ಹುಳಿ ವಾಸನಿ ಬರೂ ಅನ್ನ ನಮ್ಮ ಬಾಗಲಕ್ಕ ಯಾಕ ಬರ್ತೈತ್ರಿ? ಗುಡಿಗೆ ಹಿಂಗ ಒಯ್ತೀರೇನು? ಕಲ್ಲಿನ್ಯಾಗ ಇರೂ ದೇವರು ಆ ಹುಡುಗ್ಯಾರ ಹೊಟ್ಟ್ಯಾಗ ಇಲ್ಲೇನ?"

ನೀಲಾಬಾಯಿ ಒಂದೊಂದೇ ಬಟ್ಟೆ ತೆಗೆದು ನೋಡಿದರು. ಎಲ್ಲವೂ ತಮ್ಮ ಕೈಯಿಂದಲೇ ಮಡಚಿಟ್ಟವು. ಆ ದಿನ ಇವು ಇಷ್ಟು ಹರಿದಿದ್ದು ಯಾಕೆ ಕಾಣಲಿಲ್ಲ? ಮೆಲ್ಲಗೆ ಕೇಳಿದರು. "ಹಂಗಾರ ನಿಮಗ ಏನ ಬೇಕ, ಹೇಳ ಬೇ ತಿಪ್ಪವ್ವಾ."

ತಿಪ್ಪವ್ವ ಮೆಟ್ಟಿಲ ಮೇಲೆ ಕುಳಿತು ನೀರು ತರಿಸಿಕೊಂಡು ಕುಡಿದಳು.

"ಹನ್ನೆರಡ ವರ್ಷಾತು ಅಲ್ಲಿ ಅಡಗಿ ಮಾಡಾಕತ್ತು. ಏನ ಬೇಕಂತ ಕೇಳಿದವರು ನೀವ ಮೊದಲ." ಅವಳ ಸಿಟ್ಟು ಇಳಿದಿತ್ತು. "ದೊಡ್ಡದೇನಿಲ್ರಿ. ಮೈಗೆ ಹಚ್ಚೂ ಸಾಬಾಣ ತಿಂಗಳಾ ಮುಗಿಯೂದರಾಗ ಖಾಲಿ ಆಗ್ತಾವ. ದೊಡ್ಡ ಹುಡುಗ್ಯಾರಿಗೆ ತಿಂಗಳ ಪ್ಯಾಡ್ ಬೇಕು, ಅದನ್ನ ಯಾರೂ ತರಾಂಗಿಲ್ಲ, ನಾಚಗೋತಾರ. ರೊಟ್ಟಿ ಬಡಿಯೂ ಮುಂದ ದಿನಾ ಓಣ್ಯಾಗ ಮನಿಗೊಂದ ಹಿಡಿ ಜ್ವಾಳದ ಹಿಟ್ಟ ತಗದಿಟ್ರ ವಾರಕ್ಕ ನಮಗ ಒಂದ ಹೊತ್ತಿನ ಊಟ ಆಗತೈತಿ. ಬಟ್ಟಿ ಕೊಡಬ್ಯಾಡ್ರಿ ಅನ್ನಾಂಗಿಲ್ಲ. ಒಗದು, ಗುಂಡಿ ಹಚ್ಚಿ ಕೊಡ್ರಿ. ನಾಳೆ ನಿಮ್ಮ ಕೂಸ ಹಾಕ್ಕೊಂಡ ಬಸ್‌ಸ್ಟ್ಯಾಂಡಿಗೆ ಹೋಗೂವಂಗ ಇದ್ರ ಕೊಡ್ರಿ. ಇಲ್ಲಂದ್ರ ನೆಲಾ ಒರಸ್ರಿ."

"ನನ್ನ ಹೊಲಿಗಿ ಮಷೀನ್ ಸುಮ್ನ ಕುಂತೈತಿ," ಎಂದರು ನೀಲಾಬಾಯಿ.

"ನಮ್ಮ ಟೆಂಪೋ ದಿನಾ ವಿಜಯಪುರದಿಂದ ಖಾಲಿ ಬರ್ತೈತಿ," ಎಂದರು ಗುರಲಿಂಗಪ್ಪನವರು, ಯಾರ ಮುಖವನ್ನೂ ನೋಡದೆ. "ನಿಮ್ಮ ಸಾಮಾನ ಅದರಾಗ ಹಾಕ್ಕೊಂಡ ಬರ್ಲಿ."

"ನಾ ಏನ ಕೊಡ್ಲಿ ಆಯಿ?" ಎಂದಳು ಕಾವ್ಯಾ.

"ನೀ ಕೊಡೂದು ಸಾಕು ಕೂಸ. ಹೋಗಿ ಏನರ ಬೇಡು."

ಕಾವ್ಯಾಗೆ ಆ ಮಾತು ಕೂಡಲೇ ತಿಳಿಯಲಿಲ್ಲ. ಆದರೆ ಮರುದಿನ ಶಾಲೆ ಬಿಟ್ಟ ಮೇಲೆ ಗಣಿತದ ನೋಟ್‌ಬುಕ್ಕು ಹಿಡಿದು ಆಶ್ರಮಕ್ಕೆ ಹೋದಳು. ಮೇಘಾ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳ ಬಟ್ಟೆಯ ಚೀಲ ಆಗಲೇ ಕಟ್ಟಿಟ್ಟಿತ್ತು.

"ನಾ ಅಂದಿದ್ದ ತಪ್ಪಾತು," ಎಂದಳು ಕಾವ್ಯಾ.

ಮೇಘಾ ತಲೆ ಎತ್ತಲಿಲ್ಲ. ಕಾವ್ಯಾ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ನಲ್ಲಿಯ ನೀರು ಸುರಿಯುತ್ತಿತ್ತು. ಅವಳು ನೋಟ್‌ಬುಕ್ಕು ತೊಡೆಯ ಮೇಲೆ ತೆರೆದಳು.

"ಮಂಗಳವಾರ ಟೆಸ್ಟ್ ಐತಿ. ನನಗ ಭಿನ್ನರಾಶಿ ತಿಳಿವಲ್ದು. ಮನ್ಯಾಗ ಯಾರಿಗೂ ಬರಾಂಗಿಲ್ಲ. ಹೇಳಿಕೊಡ್ತಿ?"

"ನಿಮ್ಮಪ್ಪ ರೊಕ್ಕಾ ಕೊಟ್ಟು ಟ್ಯೂಷನ್ ಹಚ್ಚಲಿ."

"ಹಚ್ಚ್ಯಾನ. ಅವರು ಹೇಳಿದ್ದೂ ತಿಳಿವಲ್ದು."

ಮೇಘಾಳ ತುಟಿಯ ಮೂಲೆ ಸ್ವಲ್ಪ ಸಡಿಲವಾಯಿತು. ಬೂದಿ ಹತ್ತಿದ ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು ನೋಟ್‌ಬುಕ್ಕಿನಲ್ಲಿ ಇಣುಕಿದಳು. "ಯವ್ವಾ, ಛೇದ ಬ್ಯಾರೆ ಬ್ಯಾರೆ ಇಟ್ಕೊಂಡು ಹೆಂಗ ಕೂಡಸ್ತೀ ಲೇ? ಮೊದಲ ಛೇದ ಒಂದ ಮಾಡು." ಅಂದು ಹೊತ್ತು ಇಳಿಯುವ ತನಕ ಅವಳು ಹೇಳಿದಳು, ಕಾವ್ಯಾ ಬರೆದಳು. ತಪ್ಪಿದಾಗಲೆಲ್ಲ ಬೈಸಿಕೊಂಡಳು.

ಭಾನುವಾರ ಮೇಘಾಳ ತಾಯಿ ಕಸ್ತೂರಿ ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಬಂದಳು. ಒಳಗೂ ಬರಲಿಲ್ಲ. ಅಂಗಳದಲ್ಲೇ ನಿಂತು ಹೇಳಿದಳು. "ಹರಕ ಉಟ್ರೂ ನಮ್ಮದ ಉಡ್ತೀವಿ. ಮಂದಿ ಬ್ಯಾಡಂತ ಒಗದಿದ್ದ ಉಟ್ಟು ನನ್ನ ಮಗಳು ಸಾಲಿ ಕಲಿಯೂದು ಬ್ಯಾಡ. ನಡಿ ಮೇಘಾ."

ತಿಪ್ಪವ್ವ ಬಾಗಿಲಲ್ಲಿ ನಿಂತಿದ್ದಳು. ಮೇಘಾ ಚೀಲ ಎತ್ತಿಕೊಂಡಳು. ಮತ್ತೆ ಕೆಳಗಿಟ್ಟಳು.

"ಮಂಗಳವಾರ ಟೆಸ್ಟ್ ಐತಿ ಬೇ ಅವ್ವಾ. ಆ ಕಾವ್ಯಾಗ ಇನ್ನಾ ಭಿನ್ನರಾಶಿ ಗುಣಾಕಾರ ಹೇಳೂದ ಐತಿ. ನಾ ಹೋದ್ರ ಅಕಿ ನಪಾಸ ಆಗ್ತಾಳ."

ಕಸ್ತೂರಿ ಮಗಳ ಮುಖವನ್ನು ದಿಟ್ಟಿಸಿ ನೋಡಿದಳು. ತಲೆ ಎತ್ತಿ ನಿಂತ ಮಗಳ ಬೆನ್ನು ಸವರಿದಳು. ತಂದಿದ್ದ ಶೇಂಗಾ ಚಟ್ನಿಯ ಡಬ್ಬಿ ತಿಪ್ಪವ್ವನ ಕೈಗಿಟ್ಟು, ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ತಿರುಗಿದಳು.

ತಾಯಂದಿರೇ, ತಂದೆಯರೇ, ಶಾಲೆಗೆ ಹೋಗುವ ಮಕ್ಕಳೇ, ನಿಮ್ಮ ಊರಲ್ಲೂ ಇಂಥ ಮನೆಗಳಿವೆ. ಅನಾಥಾಶ್ರಮ ಇರಬಹುದು, ವೃದ್ಧಾಶ್ರಮ ಇರಬಹುದು, ಅಂಧ ಮಕ್ಕಳ ಶಾಲೆ ಇರಬಹುದು. ಅವು ನಮ್ಮ ಅಟ್ಟ ಖಾಲಿ ಮಾಡುವ ಜಾಗಗಳಲ್ಲ. ಹುಟ್ಟುಹಬ್ಬದ ಫೋಟೋಗೆ ಹಿಂದಿನ ಪರದೆಗಳೂ ಅಲ್ಲ. ಹಳಸಿದ್ದನ್ನು ಕೊಟ್ಟು ಅದಕ್ಕೆ ದಾಸೋಹ ಎಂದು ಹೆಸರಿಡುವುದನ್ನು ನಿಲ್ಲಿಸೋಣ. ಮದುವೆಯ ಊಟ ಕೊಡುವುದಾದರೆ ಮೊದಲ ಪಂಕ್ತಿಗೆ ಮುಂಚೆ ತೆಗೆದು ಕಳಿಸಿ. ಹಣ ಇಲ್ಲದವರು ವಾರಕ್ಕೆ ಒಂದು ತಾಸು ಕೊಡಿ. ಹೊಲಿಗೆ ಬಲ್ಲವರು ಹೊಲಿಯಿರಿ, ಗಾಡಿ ಇದ್ದವರು ಸಾಮಾನು ತನ್ನಿ. ಮಕ್ಕಳೇ, ಅಲ್ಲಿನ ಮಕ್ಕಳ ಜೊತೆ ಆಡಿ, ಓದಿ, ಅವರಿಂದ ಕಲಿಯಿರಿ.

ಈ ಭಾನುವಾರ ನಿಮ್ಮ ಸಮೀಪದ ಆಶ್ರಮಕ್ಕೆ ಬರಿಗೈಯಲ್ಲಿ ಹೋಗಿ. ನಾಚಿಕೆ ಬೇಡ. ಹೆಸರು ಕೇಳಿ, ನಿಮಗೆ ಏನು ಬೇಕು ಎಂದು ಕೇಳಿ. ಕೇಳಿದ ಮೇಲೆ ಅವಸರ ಮಾಡಬೇಡಿ. ಅವರಿಗೆ ಉತ್ತರ ಹೇಳಿ ರೂಢಿ ಇರುವುದಿಲ್ಲ. ಅವರು ಹೇಳುವ ತನಕ ಅಲ್ಲೇ ನಿಂತಿರಿ.