ಸ್ವತಂತ್ರದ ಬಾವಿ

"ಬಗ್ಗಲೇ, ಸೂಳಿಮಗನ. ಬಗ್ಗಂದ್ರ ಗೂಟಾ ಬಡದಂಗ ನಿಂತೀಯಲ್ಲ."

ಗೌಡರ ಮನೆಯ ಕಟ್ಟೆಯ ಕೆಳಗೆ ಹೇಮಪ್ಪ ನಿಂತಿದ್ದ. ಬಗ್ಗಬೇಕೆಂಬ ಮನಸ್ಸು ಅವನಿಗೆ ಬೇಕಾದಷ್ಟಿತ್ತು. ಅವನ ಅಪ್ಪ ಬಗ್ಗಿದ್ದ, ಅಜ್ಜ ಬಗ್ಗಿದ್ದ, ತಾನೂ ಮೀಸೆ ಮೂಡುವ ಮೊದಲಿನಿಂದ ಇದೇ ಕಟ್ಟೆಯ ಕೆಳಗೆ ಬಗ್ಗಿಕೊಂಡೇ ಬಂದವನು. ಆದರೆ ಈಗ ಕುತ್ತಿಗೆಯಿಂದ ಸೊಂಟದವರೆಗೆ ಅವನ ಬೆನ್ನು ಒಂದೇ ತುಂಡಾಗಿ ಸೆಟೆದುಬಿಟ್ಟಿತ್ತು. ಪಕ್ಕದಲ್ಲಿದ್ದವರನ್ನು ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕು. ಕೈಯಿಂದ ಜಾರಿದ ಬೀಡಿಯನ್ನು ಎತ್ತಿಕೊಳ್ಳಬೇಕಾದರೆ ಇನ್ನೊಬ್ಬರನ್ನು ಕೂಗಬೇಕು.

ಗೌಡರ ಆಳು ಗವಿಸಿದ್ದಪ್ಪ ತನ್ನ ಬಡಿಗೆಯನ್ನು ಹೇಮಪ್ಪನ ಕತ್ತಿನ ಮೇಲಿಟ್ಟು ಒತ್ತಿದ. ಬೆನ್ನು ಬಗ್ಗಲಿಲ್ಲ. ಹೇಮಪ್ಪನೇ ಮುಗ್ಗರಿಸಿ, ಬೀಳದ ಹಾಗೆ ಕಟ್ಟೆಯ ಕಲ್ಲಿಗೆ ಕೈಕೊಟ್ಟ.

"ಕಟ್ಟಿ ಮುಟ್ಟಿದನ್ರೀ ಗೌಡ್ರ."

"ಮುಟ್ಟಲಿ ಬಿಡೋ. ಈಗ ಕಾಯ್ದೆ ಅವರದ ಐತಿ," ಎಂದರು ಅಂದಪ್ಪಗೌಡರು, ಎಲೆಗೆ ಸುಣ್ಣ ಹಚ್ಚುತ್ತ. "ಸರಕಾರದವರು ಇವರ ಸೊಂಟದಾಗ ಕಬ್ಬಿಣದ ಹಾರಿ ಸಿಗಿಸಿ ಕಳಿಸ್ಯಾರ. ಏನಲೇ, ಗೌಡಗ ಕೈ ಮುಗ್ಯಾಕೂ ಬ್ಯಾನಿ ಏನ್ ನಿನಗ?"

"ಸೊಕ್ಕಲ್ರಿ ಎಪ್ಪಾ. ಎಲಬು ಹಿಡದಾವ್ರಿ, ಬಗ್ಗಾಕ ಬರೂದಿಲ್ಲ. ನನ್ನ ಮಗಳಿಗೆ ದಿನಕ್ಕೊಂದು ಕೊಡ ಕೆರಿ ನೀರು ಹಾಕಸ್ರಿ. ನನಗ ಬ್ಯಾಡ, ಆ ಕೂಸಿಗಷ್ಟ."

"ಯಾಕ, ನಿಮ್ಮ ಬಾವಿಗೆ ಏನಾಗೇತಿ?"

ಬಾವಿಗೆ ಏನೂ ಆಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಗೌಡರು ಕೇರಿಯ ಹಿಂದಿನ ಕಲ್ಲುನೆಲವನ್ನು ತೋರಿಸಿ, ಇಲ್ಲಿ ನಿಮಗೊಂದು ಬಾವಿ ತೋಡಿಕೊಳ್ಳಿ ಎಂದಿದ್ದರು. ಅಲ್ಲಿಯವರೆಗೆ ಕೇರಿಯ ಹೆಂಗಸರು ಕೆರೆಯ ಮೆಟ್ಟಿಲ ಪಕ್ಕ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಮೇಲಿನಿಂದ ಸುರಿದಾರು ಎಂದು ಬಿಸಿಲಿನಲ್ಲಿ ಕೂರುತ್ತಿದ್ದರು. ಇನ್ನು ಆ ಕಾಯುವುದು ತಪ್ಪಿತಲ್ಲ ಎಂದು ಕೇರಿಗೆ ಕೇರಿಯೇ ಹಿಗ್ಗಿತು. ಗೌಡರ ಹೊಲದ ಬಿಟ್ಟಿ ಮುಗಿಸಿ ಬಂದು ಗಂಡಸರೆಲ್ಲ ಬಂಡೆ ಒಡೆದರು. ಎಲ್ಲರಿಗಿಂತ ಹೆಚ್ಚು ಒಡೆದವನು ಹೇಮಪ್ಪ. ಕಪ್ಪತಗುಡ್ಡದ ಕಡೆಯ ಕಲ್ಲು, ಸುಲಭಕ್ಕೆ ಬಾಯಿ ಬಿಡುವುದಲ್ಲ. ಕೊನೆಗೆ ಅವನ ಹಾರೆಯ ಬುಡದಲ್ಲೇ ನೀರು ಚಿಮ್ಮಿತು. ಕೆರೆಯ ನೀರಿನಂತೆ ಕೆಸರಲ್ಲ, ಸವಳಲ್ಲ, ತಣ್ಣಗೆ, ತಳ ಕಾಣುವಷ್ಟು ತಿಳಿ. ಹೇಮಪ್ಪ ಬಾವಿಯೊಳಗೇ ಕೂತು ಅತ್ತುಬಿಟ್ಟ. ಕೇರಿಯವರು ಅದನ್ನು ಸ್ವತಂತ್ರದ ಬಾವಿ ಎಂದು ಕರೆದರು. ಗೌಡರು ಅಲ್ಲಿ ತಮ್ಮ ಹೆಸರಿನ ಕಲ್ಲು ನೆಡಿಸಿದರು. ಅವತ್ತಿನಿಂದ ಕೇರಿಯವರು ಕೆರೆಯ ದಂಡೆ ಹತ್ತುವುದೂ ಬಂದ್ ಆಯಿತು.

ಮೊದಲು ಕೆಟ್ಟದ್ದು ಮಕ್ಕಳ ಹಲ್ಲು. ಹಾಲುಹಲ್ಲು ಬಿದ್ದು ಬಂದ ಹೊಸ ಹಲ್ಲೆಲ್ಲ ಹುಟ್ಟಿನಿಂದಲೇ ಎಲೆ ಅಡಿಕೆ ತಿಂದವರ ಹಲ್ಲಿನಂತೆ ಕಂದು. ಕೇರಿಯ ಮಂದಿ ಹಲ್ಲು ತಿಕ್ಕುವುದಿಲ್ಲ ಎಂದು ಊರಿನವರು ನಕ್ಕರು. ಆಮೇಲೆ ದೊಡ್ಡವರ ಮೊಣಕಾಲು ಹಿಡಿದವು, ಬೆನ್ನು ಹಿಡಿದವು. ದುರಗವ್ವ ಮುನಿದಿದ್ದಾಳೆ ಎಂದು ಅಯ್ಯನವರು ಹೇಳಿದರು. ಕೇರಿಯವರು ಕುರಿ ಕೊಯ್ದರು, ಹರಕೆ ಹೊತ್ತರು, ಬಾವಿಯ ನೀರಿನಲ್ಲೇ ಮಿಂದು ಅದನ್ನೇ ತೀರ್ಥವೆಂದು ಕುಡಿದರು.

ಹೋದ ತಿಂಗಳು ಹೇಮಪ್ಪ ಮಗಳು ಕಳಕವ್ವನನ್ನು ಕರೆದುಕೊಂಡು ಗದಗಿನ ದವಾಖಾನೆಗೆ ಹೋಗಿದ್ದ. ಡಾಕ್ಟರು ಅವನ ಬೆನ್ನು ತಟ್ಟಿ ನೋಡಿದರು, ಆ ಕೂಸಿನ ಬಾಯಿ ತೆಗೆಸಿ ನೋಡಿದರು, ನೀರು ಎಲ್ಲಿಯದು ಎಂದು ಕೇಳಿದರು, ಇಂಗ್ಲಿಷಿನಲ್ಲಿ ಏನೋ ಅಂದು ಒಳಗೆ ಹೋದರು. ಅದನ್ನು ಬಿಡಿಸಿ ಹೇಳಿದವನು ಔಷಧಿ ಕೊಡುವ ಖಾಸಿಂಸಾಬ.

"ಆ ಬಾವಿ ಬಂಡಿಗಲ್ಲಿನೊಳಗ ಒಂದ ನಮೂನಿ ಉಪ್ಪು ಐತಿ, ಹೇಮಪ್ಪ. ರುಚಿ ಇಲ್ಲ, ವಾಸನಿ ಇಲ್ಲ. ನೀರಾಗ ಕರಗಿ ಬಂದು ಎಲಬಿನ್ಯಾಗ ಕುಂಡ್ರತೈತಿ. ಇದಕ್ಕ ಔಷಧ ಇಲ್ಲ. ಬ್ಯಾರೆ ನೀರ ಔಷಧ."

"ಹಂಗಾರ ನಂದು?"

"ನಿಂದು ಆಗಿ ಹೋತು. ಕೂಸಿಂದು ಬಂದ ಹಲ್ಲು ಬಂತು. ಒಳಗಿರೂ ಹಲ್ಲು, ಬೆಳಿಯೂ ಬೆನ್ನು, ಅವನ್ನಷ್ಟ ಉಳಿಸ್ಕೊ. ಅಕಿಗೆ ದಿನಾ ಬ್ಯಾರೆ ನೀರು ಕುಡಸು. ಒಂದಿನ ಕುಡಿಸಿ ಬಿಟ್ರ ಉಪಯೋಗಿಲ್ಲ."

ಅಂದರೆ ತಾನು ಒಡೆದ ಬಂಡೆಯೇ ತನ್ನ ಬೆನ್ನಿನೊಳಗೆ ಬಂದು ಕೂತಿದೆ. ದಾರಿಯುದ್ದಕ್ಕೂ ಹೇಮಪ್ಪನಿಗೆ ಇದೇ ಯೋಚನೆ. ಮನೆಯಲ್ಲಿ ಹೆಂಡತಿ ಹನಮಂತವ್ವ ಇದನ್ನು ಕೇಳಿ ಎದೆ ಎದೆ ಬಡಿದುಕೊಂಡಳು. "ಮೊಲಿ ಬಿಡಿಸಿದ ದಿನದಿಂದ ನನ್ನ ಕೈಯಾರ ವಿಷಾ ಕುಡಿಸೀನಲ್ಲೋ." ಮರುದಿನ ನಸುಕಿನಲ್ಲೇ ಅವಳು ಕೊಡ ಹಿಡಿದು ಕೆರೆಗೆ ಹೋದಳು. ಗವಿಸಿದ್ದಪ್ಪ ಕೊಡ ಒದ್ದು ಒಡೆದ. ಕೇರಿಯಿಂದ ಹೊಳೆಗೆ ಹೋಗಿ ಬರುವುದೆಂದರೆ ದಿನವೇ ಬೇಕು, ಆ ದಿನದ ಕೂಲಿ ಬಿಟ್ಟರೆ ಒಲೆ ಉರಿಯುವುದಿಲ್ಲ. ಅದಕ್ಕೇ ಹೇಮಪ್ಪ ಇವತ್ತು ಗೌಡರ ಕಟ್ಟೆಗೆ ಬಂದಿದ್ದ.

ಗೌಡರು ಎಲೆಯನ್ನು ಬಾಯಿಗಿಟ್ಟುಕೊಂಡು ಅವನನ್ನೇ ನೋಡಿದರು.

"ಒಂದನೇ ತಾರೀಕಿಗೆ ಕನ್ನಡ ನಾಡು ಒಂದಾಕ್ಕೈತಿ. ಮಾಮ್ಲೇದಾರ ಸಾಹೇಬ್ರು ಬಂದು ನಿಮ್ಮ ಬಾವಿ ಕಟ್ಟಿ ಮ್ಯಾಲ ಝೇಂಡಾ ಏರಸ್ತಾರ. ಎಲ್ಲಾರ ಮುಂದ, ಬಾವಿ ಕೊಟ್ಟ ಧಣಿ ನೀವ ಅಂತ ಹೇಳಿ ನನ್ನ ಕಾಲಿಗೆ ಬಗ್ಗು. ಮರುದಿನದಿಂದ ನಿನ್ನ ಮಗಳಿಗೆ ನೀರು."

ಅವತ್ತು ಸಂಜೆ ಗುಡಿಸಲಿನಲ್ಲಿ ಗಂಡ ಹೆಂಡತಿ ಬಗ್ಗುವುದನ್ನು ಕಲಿಯಲು ಕೂತರು. ಹನಮಂತವ್ವ ಬಿಸಿ ಎಣ್ಣೆ ತಿಕ್ಕಿದಳು, ಅರಿವೆ ಕಾಸಿ ಒತ್ತಿದಳು, ಗಂಡನ ಎರಡೂ ಹೆಗಲು ಹಿಡಿದು ಜಗ್ಗಿದಳು. ಹೇಮಪ್ಪ ನೋವಿಗೆ ದೇವರನ್ನೂ ಗೌಡನನ್ನೂ ಒಟ್ಟಿಗೇ ಸೇರಿಸಿ ಬೈದ. ಕಳಕವ್ವ ಇದೇನೋ ಆಟವೆಂದುಕೊಂಡು ಕಿಲಕಿಲ ನಕ್ಕಳು. ಅವಳ ಬಾಯಿಯ ಸಂದಿಯಲ್ಲಿ ಹೊಸದಾಗಿ ಇಣುಕಿದ್ದ ಹಲ್ಲಿನ ಮೇಲೆ ಕಂದು ಗೆರೆ ಇತ್ತು.

"ಹಂಗಲ್ಲ ಅಪ್ಪಾ, ಹಿಂಗ," ಎಂದು ಅವಳು ಮೊಣಕಾಲು ಮಡಚದೆ ಬಗ್ಗಿ ತನ್ನ ಕಾಲ್ಬೆರಳು ಮುಟ್ಟಿ ತೋರಿಸಿದಳು. ಅರಿವೆ ಮಡಚಿದಷ್ಟು ಸಲೀಸಾಗಿ ಬಗ್ಗಿದ ಆ ಪುಟ್ಟ ಬೆನ್ನನ್ನು ನೋಡುತ್ತ ಹೇಮಪ್ಪನ ಕಣ್ಣು ತುಂಬಿದವು. ಇದೊಂದು ಉಳಿದರೆ ಸಾಕು ಎಂದುಕೊಂಡ. ಅದಕ್ಕಾಗಿ ಗೌಡರ ಕಾಲಿಗೆ ನೂರು ಸಲ ಬಗ್ಗಲೂ ಅವನು ತಯಾರಿದ್ದ, ಬೆನ್ನೇ ಕೇಳುತ್ತಿರಲಿಲ್ಲ.

ಒಂದನೇ ತಾರೀಕು ಬಂತು. ಕೇರಿಗೆ ಅದುವರೆಗೆ ಕಾಲಿಡದವರೆಲ್ಲ ಕಾಲಿಟ್ಟರು. ಸಾಹೇಬರಿಗೆ ಕುಡಿಯಲು ಗೌಡರ ಮನೆಯಿಂದ ತಂಬಿಗೆಯಲ್ಲಿ ಕೆರೆಯ ನೀರು ಬಂದಿತ್ತು. ಇವತ್ತಿನಿಂದ ನಾವೆಲ್ಲ ಒಂದು, ಒಂದೇ ತಾಯಿಯ ಮಕ್ಕಳು ಎಂದು ಸಾಹೇಬರು ಬಲು ಚಂದ ಭಾಷಣ ಮಾಡಿದರು. ಆಮೇಲೆ ಗವಿಸಿದ್ದಪ್ಪ ಹೇಮಪ್ಪನನ್ನು ಮುಂದಕ್ಕೆ ನೂಕಿದ.

"ಬಾವಿ ಕೊಟ್ಟ ಧಣಿ ನೀವರಿ," ಎಂದ ಹೇಮಪ್ಪ. ಕಣ್ಣು ಮುಚ್ಚಿ ಸೊಂಟಕ್ಕೆ ಬಲ ಹಾಕಿದ. ಬೆನ್ನು ಮಿಸುಕಲಿಲ್ಲ. ಮಂದಿ ಕಾಯುತ್ತಿದ್ದರು. ಗೌಡರ ಹುಬ್ಬು ಗಂಟಿಕ್ಕಿತು. ಬೇರೆ ದಾರಿ ಕಾಣದೆ ಹೇಮಪ್ಪ ನಿಂತ ನಿಲುವಿನಲ್ಲೇ ತನ್ನನ್ನು ಮುಂದಕ್ಕೆ ಬಿಟ್ಟುಕೊಟ್ಟ. ಕಡಿದ ಮರದ ಹಾಗೆ ಬಿದ್ದ. ಬಾಯಿ ಕಲ್ಲಿಗೆ ಬಡಿದು ಮುಂದಿನ ಹಲ್ಲು ಮುರಿದವು.

"ಎಂಥಾ ಭಕ್ತಿ ನೋಡ್ರಿ," ಎಂದರು ಮಾಮ್ಲೇದಾರ ಸಾಹೇಬರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೇರಿಯ ನಾಲ್ವರು ಬಂದು ಅವನನ್ನು ಎತ್ತಿ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಹೇಮಪ್ಪ ಊದಿದ ತುಟಿಯಲ್ಲೇ ಹೆಂಡತಿ ಮಗಳೊಂದಿಗೆ ಗೌಡರ ಕಟ್ಟೆಯ ಮುಂದೆ ನಿಂತ. ಹನಮಂತವ್ವನ ಕೈಯಲ್ಲಿ ಹೊಸ ಮಣ್ಣಿನ ಕೊಡವಿತ್ತು.

"ಯಾವ ನೀರು?" ಎಂದರು ಗೌಡರು. "ಬಗ್ಗು ಅಂದಿದ್ದೆ. ನೀ ಬಗ್ಗಲಿಲ್ಲ, ಬಿದ್ದಿ. ಸಾಹೇಬ್ರ ಮುಂದ ನನ್ನ ಧೋತರಕ್ಕೆಲ್ಲ ರಗತಾ ಸಿಡಿಸಿದಿ, ಭಾಡ್ಯಾ. ಬಿದ್ದವರಿಗೆಲ್ಲ ನೀರು ಹಾಕ್ಕೋತ ಹೋದ್ರ ಕೆರಿ ಉಳಿತೈತೇನು?"

ಹೇಮಪ್ಪ ಹೆಂಡತಿಯ ಕೈಯಿಂದ ಕೊಡ ತೆಗೆದುಕೊಂಡ, ಇನ್ನೊಂದು ಕೈಯಲ್ಲಿ ಮಗಳನ್ನು ಹಿಡಿದು ನಡೆದ. ಅವನು ಎತ್ತ ಹೊರಟನೆಂದು ಗವಿಸಿದ್ದಪ್ಪನಿಗೆ ತಿಳಿಯುವಷ್ಟರಲ್ಲಿ ಕೆರೆಯ ದಂಡೆ ಹತ್ತಿಯಾಗಿತ್ತು. ನೀರು ತುಂಬುತ್ತಿದ್ದ ಹೆಂಗಸರು ಕೊಡ ಬಿಟ್ಟು ಸರಿದರು. ಹೇಮಪ್ಪ ಕಾಲಿನಿಂದಲೇ ತಡವಿ ಒಂದೊಂದೇ ಮೆಟ್ಟಿಲು ಇಳಿದ. ಮಗಳನ್ನು ಕಡೆಯ ಮೆಟ್ಟಿಲ ಮೇಲೆ ನಿಲ್ಲಿಸಿದ. ಬಗ್ಗಿ ಕೊಡ ಅದ್ದುವುದು ಅವನಿಂದ ಆಗದ ಮಾತು, ಅದಕ್ಕೇ ನೇರ ನೀರಿನೊಳಕ್ಕೇ ನಡೆದ. ಮೊಣಕಾಲು ಮುಳುಗಿದವು, ತೊಡೆ ಮುಳುಗಿದವು, ನೀರು ಸೊಂಟ ದಾಟಿದಾಗ ಕೊಡ ತಾನಾಗಿಯೇ ಗುಳುಗುಳು ತುಂಬಿಕೊಂಡಿತು.

"ಕೆರಿ ಕೆಡಿಸಿದನ್ರೋ, ಬರ್ರೋ," ಎಂದು ಗವಿಸಿದ್ದಪ್ಪ ದಂಡೆಯ ಮೇಲಿನಿಂದ ಕೂಗಿದ. ನೀರಿಗಿಳಿದರೆ ತಾನೂ ಮೈಲಿಗೆಯಾದೇನೆಂದು ಅಲ್ಲೇ ನಿಂತು ಕಲ್ಲು ಬೀಸಿದ. ಕೊಡ ಒಡೆದು ನೀರು ಕೆರೆಗೇ ಸೇರಿತು. ಹೇಮಪ್ಪನ ಕೈಯಲ್ಲಿ ಕೊಡದ ಕಂಠವಷ್ಟೇ ಉಳಿಯಿತು.

ಅವನು ಮೆಲ್ಲಗೆ ಮೈ ತಿರುಗಿಸಿ ಮೆಟ್ಟಿಲಿಗೆ ಮರಳಿದ. ಮಗಳಿಗೂ ದಂಡೆಗೂ ನಡುವೆ, ಮಂದಿಗೆ ಎದುರಾಗಿ ನಿಂತ. ಊರಿನವರು ಓಡಿ ಬರುತ್ತಿದ್ದರು. ಬರುವವರು ದಾರಿಯಲ್ಲೇ ಬಗ್ಗಿ ಬಗ್ಗಿ ಕಲ್ಲು ಆರಿಸಿಕೊಳ್ಳುತ್ತಿದ್ದರು.

"ಕಳಕೀ, ಬಗ್ಗಿ ಕುಡಿ," ಎಂದ.

ಹನಮಂತವ್ವ ಮೆಟ್ಟಿಲಿಳಿದು ಬಂದು ಗಂಡನ ಪಕ್ಕದಲ್ಲಿ ನಿಂತಳು. "ಹೊಟ್ಟಿ ತುಂಬ ಕುಡಿಯೇ ನನ್ನವ್ವಾ," ಎಂದಳು. "ನಾಳಿ ಸಿಗೂದಿಲ್ಲ."

ಹೇಮಪ್ಪನಿಗೆ ಹಿಂದಿರುಗಿ ನೋಡಲು ಬರುತ್ತಿರಲಿಲ್ಲ. ಬೆನ್ನ ಹಿಂದೆ ಮಗಳು ನೀರು ಗುಟುಕರಿಸುವ ಸದ್ದು ಕೇಳುತ್ತಿತ್ತು. ಮೊದಲ ಕಲ್ಲು ಅವನ ಎದೆಗೆ ಬಿತ್ತು. ಅವನು ನೆಟ್ಟಗೆ ನಿಂತೇ ಇದ್ದ.